ಹನ್ನೊಂದು ವರ್ಷ ಬಾಡಿಗೆ ಕಟ್ಟಿಯೇ ಮನೆ ಮಾಡಿದೆ

2013ರಲ್ಲಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ 25 ಲಕ್ಷದ ಮನೆಯೊಂದು ಮಾರಾಟಕ್ಕೆ ಬಂದಿತ್ತು. ಕೈಯಲ್ಲಿದ್ದದ್ದು ಐದು ಲಕ್ಷ, ಉಳಿದ 20ಕ್ಕೆ ಬ್ಯಾಂಕ್ ಸಾಲ. ಆಗ ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತೂಕಾಲರ ಸುಮಾರು. 20 ವರ್ಷಕ್ಕೆ ಹಾಕಿದರೆ ತಿಂಗಳ ಕಂತು 19,600. ಮೊದಲ ಕಂತಿನಲ್ಲಿ 17 ಸಾವಿರ ಬಡ್ಡಿಗೇ ಹೋಗಿ ಅಸಲಿಗೆ ಬೀಳೋದು ಎರಡೂವರೆ ಸಾವಿರ! ಅದೇ ಬೀದಿಯಲ್ಲಿ ಅಂಥದ್ದೇ ಮನೆ 6 ಸಾವಿರ ಬಾಡಿಗೆಗೆ ಖಾಲಿ ಇತ್ತು. ಅದಕ್ಕೇ ಹೋದೆ.

"ಬಾಡಿಗಿ ಕಟ್ಟೋದಂದ್ರೆ ಹೊಳ್ಯಾಗೆ ಹುಣಸೆಹಣ್ಣು ತೊಳ್ದಂಗೆ ಕಣಲೇ" ಅಂತ ಸೋದರಮಾವ ಹಬ್ಬಕ್ಕೊಮ್ಮೆ ಚುಚ್ಚೋರು.

ನಾನು ಮಾಡಿದ್ದು ಇಷ್ಟೇ: ಕಂತಿಗೂ ಬಾಡಿಗೆಗೂ ನಡುವಿನ 13 ಸಾವಿರ ಚಿಲ್ಲರೆಯನ್ನು ಸಂಬಳದ ದಿನವೇ ಹೆಂಡತಿ ಹೆಸರಿನ ಆರ್.ಡಿ.ಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹಾಕೋದು. ನನ್ನ ಹೆಸರಲ್ಲಿದ್ದರೆ ಬೈಕ್ ಆಗಿಬಿಡುತ್ತಿತ್ತು. ಬಾಡಿಗೆ ಏರಿದಷ್ಟೂ ಆರ್.ಡಿ. ಇಳಿಯಿತು, ನಿಲ್ಲಲಿಲ್ಲ.

ಎಡವಿದ್ದು ಭೋಗ್ಯದಲ್ಲಿ, ಅಂದರೆ ಮಾಲೀಕರಿಗೆ ಇಡಿಗಂಟು ಕೊಟ್ಟು ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಗಂಟು ವಾಪಸ್ ಪಡೆಯೋದು. ಐದು ಲಕ್ಷ ಸುಮ್ಮನೆ ಕೂತಿದೆಯಲ್ಲ ಅಂತ 2015ರಲ್ಲಿ ವಿನೋಬನಗರದ ಕಡೆ ಒಂದು ಮನೆ ಭೋಗ್ಯಕ್ಕೆ ಹಾಕಿಕೊಂಡೆ. ಕರಾರು 20 ರೂಪಾಯಿ ಛಾಪಾ ಕಾಗದದಲ್ಲಿ, ನೋಂದಣಿ ಇಲ್ಲ. ಮೂಲ ಪತ್ರ ಕೇಳಿದರೆ ಮಾಲೀಕರು "ಊರಾಗೈತಿ" ಅಂದು ಜೆರಾಕ್ಸ್ ತೋರಿಸಿದರು. ಎರಡು ವರ್ಷ ಬಾಡಿಗೆ ಇಲ್ಲದೆ ಮೀಸೆ ತಿರುವಿದೆ. ಒಂದು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ಬ್ಯಾಂಕಿನ ನೋಟಿಸು ಅಂಟಿತ್ತು. ಪತ್ರ ಊರಲ್ಲಿರಲಿಲ್ಲ, ಮಾಲೀಕರ ಸಾಲಕ್ಕೆ ಬ್ಯಾಂಕಿನಲ್ಲಿ ಅಡವಿತ್ತು. ಅಲೆದಲೆದು ಮೂರೂವರೆ ಲಕ್ಷ ವಾಪಸ್ ಬಂತು. ಉಳಿದದ್ದು ಇವತ್ತಿಗೂ ಇಲ್ಲ.

ಮತ್ತೆ ಬಾಡಿಗೆ. ಆಗ ಹೊಳೆದದ್ದು ಆಷಾಢದ ಪ್ರಯೋಗ. ಆ ತಿಂಗಳು ಯಾರೂ ಮನೆ ಬದಲಿಸಲ್ಲ, ಖಾಲಿ ಮನೆ ಮಾಲೀಕರ ಮುಖ ಸಪ್ಪಗಿರುತ್ತದೆ. 9 ಸಾವಿರ ಹೇಳಿದ್ದು ಎಂಟಕ್ಕೆ ಇಳಿಯಿತು, ಅಡ್ವಾನ್ಸ್ ಅರ್ಧ. ಹಾಲು ಉಕ್ಕಿಸಿದ್ದು ಮಾತ್ರ ಶ್ರಾವಣದಲ್ಲಿ, ಅಮ್ಮನ ಹಟ. ಚೌಕಾಸಿಯಲ್ಲಿ ಇನ್ನೊಂದು ಮಾತು ಆಡುತ್ತೇನೆ, ಅದನ್ನಿಲ್ಲಿ ಬರೆಯಲ್ಲ, ಮಗಳಿಗೆ ಬೇಕಾಗುತ್ತದೆ.

2024ಕ್ಕೆ ಆರ್.ಡಿ. ಬಡ್ಡಿ ಸೇರಿ 20 ಲಕ್ಷದ ಆಸುಪಾಸು. ಭೋಗ್ಯದ್ದು ಕೂಡಿಸಿ 24 ಅನ್ನಿ. 34 ಲಕ್ಷಕ್ಕೆ 20x30 ಅಡಿ ಸೈಟಿನ ಹಳೇ ಮನೆ ತಗೊಂಡೆ, ಈ ಸಲ ಮೂಲ ಪತ್ರ ಕೈಯಲ್ಲಿ ಹಿಡಿದು ನೋಡಿಯೇ. ಸಾಲ ಹತ್ತೇ ಲಕ್ಷ, ಹತ್ತೇ ವರ್ಷ, ಕಂತು 12,400. ಬಿಟ್ಟುಬಂದ ಮನೆಯ ಬಾಡಿಗೆ ಅಷ್ಟೊತ್ತಿಗೆ 10,500 ಆಗಿತ್ತು. ಛಾಪಾ, ನೋಂದಣಿಗೆ ಎರಡೂಕಾಲು ಲಕ್ಷ. ಅದಕ್ಕೆ ಹೆಂಡತಿಯ ಸರ ಅಡ ಹೋಯಿತು. ಆಗ ನೋಂದಣಿ ಶುಲ್ಕ ನೂರಕ್ಕೆ ಒಂದಿತ್ತು, 2025ರ ಆಗಸ್ಟ್ ಕೊನೆಯಿಂದ ಎರಡಾಗಿದೆ.

ಸುಳ್ಳು ಹೇಳಲ್ಲ, ಆ 25 ಲಕ್ಷದ ಮನೆಗೆ ಈಗ 45 ಹೇಳುತ್ತಾರೆ. ಆದರೆ ಅದನ್ನು ಕೊಂಡಿದ್ದರೆ 2033ರವರೆಗೂ ಕಂತು ಬಾಕಿ ಇರುತ್ತಿತ್ತು, ಮಧ್ಯೆ ಅಪ್ಪನ ಆಪರೇಷನ್ ಬೇರೆ ಬಂತು.

ಮೊನ್ನೆ ಮಾವ ಫೋನ್ ಮಾಡಿ, ಮಗನಿಗೆ 40 ಲಕ್ಷದ ಮನೆ ನೋಡಿದ್ದೀನಿ, ಪತ್ರ ಒಮ್ಮೆ ನೋಡಿಕೊಡು ಅಂದರು. "ಕಂತೆಷ್ಟು ಬರ್ತೈತಿ ಮಾವಾ?" ಅಂದೆ. ಸುಮ್ಮನಾದರು. ಆಷಾಢ ಬರಲಿ, ಬಾಡಿಗೆ ಮನೆ ನಾನೇ ನೋಡಿಕೊಡ್ತೀನಿ ಅಂದಿದ್ದೇನೆ.