ಎರಿ ನೆಲದಲ್ಲಿ ಓಡುವ ಫೋರ್ ವ್ಹೀಲ್ ಡ್ರೈವ್ ಜೀಪು: ಸ್ಟೇರಿಂಗ್ ಮತ್ತು ಡ್ರೈವ್ ದೋಷಗಳನ್ನು ಪತ್ತೆ ಹಚ್ಚುವ ಕ್ರಮ

"ಸ್ಟೇರಿಂಗ್ ನಡುಗುತ್ತದೆ, ಕೆಳಗೆ ಎಲ್ಲೋ ಸದ್ದು ಬರುತ್ತದೆ" ಎಂದಷ್ಟೇ ಹೇಳಿ ಜೀಪನ್ನು ಗ್ಯಾರೇಜಿಗೆ ಬಿಟ್ಟರೆ ಮೊದಲು ಟೈ ರಾಡ್ ಎಂಡ್, ಆಮೇಲೆ ಬೇರಿಂಗ್, ಕೊನೆಗೆ ಸ್ಟೇರಿಂಗ್ ಬಾಕ್ಸ್ ಎಂದು ಒಂದೊಂದೇ ಸಾಮಾನು ಬದಲಾಗುತ್ತ ಹೋಗುತ್ತದೆ, ದೋಷ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ದೋಷವು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ವೇಗ ಏರಿದಂತೆ ಸದ್ದು ಏರುತ್ತದೆಯೇ, ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಎಂಜಿನ್ ರೇಸ್ ಮಾಡಿದರೂ ಬರುತ್ತದೆಯೇ, ಎಕ್ಸಿಲೇಟರ್ ಒತ್ತಿದಾಗ ಬರುತ್ತದೆಯೇ ಅಥವಾ ಬಿಟ್ಟಾಗ ಬರುತ್ತದೆಯೇ, ತಿರುವಿನಲ್ಲಿ ಮಾತ್ರವೇ, ಹಿಂದಿನ ಎರಡೇ ಗಾಲಿಗಳಿಗೆ ಎಂಜಿನ್ ಬಲ ಹೋಗುವ ಟೂ ವ್ಹೀಲ್‌ನಲ್ಲಿಯೂ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ನವಲಗುಂದ, ರೋಣ, ನರಗುಂದದ ಕಡೆಯ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಓಡಾಡುವವರು ಮೊದಲು ಅನುಮಾನಿಸಬೇಕಾದದ್ದು ಮಣ್ಣನ್ನು. ಎರಿ ಮಣ್ಣು (ಜಿಗುಟಾದ ಕಪ್ಪು ಮಣ್ಣು) ರಿಮ್ಮಿನ ಒಳಮೈಗೆ ಮೆತ್ತಿಕೊಂಡು, ಬಿಸಿಲಿಗೆ ಒಣಗಿ, ಒಂದೇ ಬದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಗಾಲಿ ಸ್ವಚ್ಛವಾಗಿಯೇ ಕಾಣುತ್ತದೆ, ಆದರೆ ಬೈಪಾಸಿಗೆ ಬಂದು ವೇಗ ಹೆಚ್ಚಿಸಿದೊಡನೆ ಸ್ಟೇರಿಂಗ್ ನಡುಗಲು ಆರಂಭಿಸುತ್ತದೆ. ಗಾಡಿಯ ಕೆಳಗೆ ಬಾಗಿ, ಕಟ್ಟಿಗೆಯಿಂದ ರಿಮ್ಮಿನ ಒಳಭಾಗವನ್ನು ಕೆರೆದು, ನೀರು ಹಾಯಿಸಿ ತೊಳೆದ ಮೇಲೆಯೂ ನಡುಕ ಉಳಿದರೆ ಮಾತ್ರ ಬ್ಯಾಲೆನ್ಸಿಂಗ್‌ಗೆ ಹೋಗುವುದು ಸರಿ. ಅದೇ ಹೊತ್ತಿಗೆ ನಾಲ್ಕೂ ಟೈರುಗಳ ಗಾಳಿಯನ್ನು ಪರೀಕ್ಷಿಸಿ, ಅಳತೆ ಒಂದೇ ಇದೆಯೇ ಎಂದು ಟೈರಿನ ಮೇಲಿನ ಅಂಕಿಗಳನ್ನು ಓದಿ ನೋಡಬೇಕು.

ಸ್ಟೇರಿಂಗಿನಲ್ಲಿ ಪ್ಲೇ (ಗಾಲಿ ತಿರುಗದೆ ಸ್ಟೇರಿಂಗ್ ಮಾತ್ರ ತಿರುಗುವ ಸಡಿಲ) ಹೆಚ್ಚಾಗಿದ್ದರೆ ಇಬ್ಬರು ಸೇರಿ ನೋಡುವುದು ಸುಲಭ. ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸುತ್ತಿರಬೇಕು. ಇನ್ನೊಬ್ಬರು ಸ್ಟೇರಿಂಗ್ ಬಾಕ್ಸಿನಿಂದ ಗಾಲಿಯವರೆಗೆ ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಬೇಕು. ಒಂದು ತುದಿ ಅಲುಗಿದ ಕೂಡಲೇ ಇನ್ನೊಂದು ತುದಿಯೂ ಅಲುಗದಿದ್ದರೆ ಆ ಜಾಯಿಂಟ್ ಸವೆದಿದೆ ಎಂದರ್ಥ. ಸ್ಟೇರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿಟ್ಟಿರುವ ಬೋಲ್ಟುಗಳನ್ನು ಅನೇಕರು ಮರೆಯುತ್ತಾರೆ. ಬಾಕ್ಸೇ ಅಲುಗುತ್ತಿದ್ದರೆ ಉಳಿದ ಯಾವ ರಿಪೇರಿಯೂ ಫಲ ಕೊಡುವುದಿಲ್ಲ.

ಬಳಿಕ ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಆಕ್ಸಲ್ ಅಥವಾ ಚಾಸಿನ ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಗಾಲಿಯ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಿ. ಸಡಿಲ ಕಂಡರೆ ಒಳಗಿರುವವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಸಡಿಲ ಹೋದರೆ ದೋಷ ವ್ಹೀಲ್ ಬೇರಿಂಗಿನದು. ಹೋಗದಿದ್ದರೆ ಬಾಲ್ ಜಾಯಿಂಟಿನದು, ಹಳೆಯ ಜೀಪು ಅಥವಾ ಜಿಪ್ಸಿಯಾದರೆ ಗಾಲಿ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ನಿನದು. ತಗ್ಗಿನಲ್ಲಿ ಗಾಲಿ ಬಿದ್ದೊಡನೆ ಮುಂಭಾಗವೆಲ್ಲ ಅದುರಲಾರಂಭಿಸಿ, ವೇಗ ಇಳಿಸುವವರೆಗೂ ನಿಲ್ಲದಿರುವ ತೊಂದರೆಗೆ ಅಖಂಡ ಆಕ್ಸಲ್ ಇರುವ ಇಂಥ ಗಾಡಿಗಳಲ್ಲಿ ಕಿಂಗ್‌ಪಿನ್ ಬೇರಿಂಗಿನ ಸಡಿಲವೇ ಅನೇಕ ಸಲ ಕಾರಣವಾಗಿರುತ್ತದೆ. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಅದುರುವಿಕೆಯನ್ನು ಅಡಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸವೆದ ಭಾಗವು ಒಳಗೇ ಇನ್ನಷ್ಟು ಸವೆಯುತ್ತಿರುತ್ತದೆ ಮತ್ತು ಅದು ಕೈಕೊಡುವ ದಿನ ಗಾಡಿಯೊಳಗೆ ಮನೆಮಂದಿ ಇರಬಹುದು.

ಎಲ್ಲ ಭಾಗಗಳೂ ಸರಿಯಿದ್ದು, ಫೋರ್ ವ್ಹೀಲ್ ಹಾಕಿದಾಗ ಮಾತ್ರ ಸ್ಟೇರಿಂಗ್ ಭಾರವಾಗಿ, ತಿರುವಿನಲ್ಲಿ ಗಾಡಿ ಎಳೆದು ಹಿಡಿದಂತಾದರೆ ಅದು ದೋಷವಲ್ಲ, ಬಳಕೆಯ ತಪ್ಪು. ಜಿಪ್ಸಿ, ಥಾರ್‌ಗಳಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇಲ್ಲದ ಕಾರಣ, ಫೋರ್ ವ್ಹೀಲ್‌ನಲ್ಲಿ ಅವುಗಳಿಗೆ ಬಲ ಒಯ್ಯುವ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕಾಗುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಎರಿ ಹೊಲದಲ್ಲಿ ಗಾಲಿ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಬಿಗಿತವೆಲ್ಲ ಶಾಫ್ಟ್ ಮತ್ತು ಗೇರುಗಳಲ್ಲಿ ತುಂಬಿಕೊಂಡು, ಟೂ ವ್ಹೀಲ್‌ಗೆ ತರಲು ಲಿವರೇ ಬಾರದಂತಾಗುತ್ತದೆ. ಲಿವರನ್ನು ಜಗ್ಗಾಡದೆ ಗಾಡಿಯನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ತೆಗೆದುಕೊಂಡರೆ ಬಿಗಿತ ಸಡಿಲಾಗುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೆ ನೇರ ರಸ್ತೆಯಲ್ಲಿಯೂ ಇದೇ ತೊಂದರೆ ಬರುತ್ತದೆ.

ಮುಂದಕ್ಕೆ, ಹಿಂದಕ್ಕೆ ಗೇರ್ ಬದಲಿಸುವಾಗ ಕೆಳಗೆ "ಟಕ್" ಎಂದು ಹೊಡೆದರೆ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಬಾಗುವ ಜಾಯಿಂಟ್) ನೋಡಬೇಕು. ಕ್ರಾಸಿನ ಕಪ್ಪುಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಗ್ರೀಸ್ ಒಣಗಿ ಸೂಜಿ ಬೇರಿಂಗುಗಳು ಪುಡಿಯಾಗುತ್ತಿವೆ ಎಂದು ತಿಳಿಯಬೇಕು. ಶಾಫ್ಟ್ ಬಿಚ್ಚುವ ಮೊದಲು ಜೋಡಣೆಯ ಎರಡೂ ಬದಿಗೆ ಸುಣ್ಣದಿಂದಾದರೂ ಗುರುತು ಹಾಕಿಕೊಳ್ಳಿ. ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಜಾರುವ ಸ್ಲಿಪ್ ಜಾಯಿಂಟನ್ನು ಗುರುತು ತಪ್ಪಿಸಿ ಕೂಡಿಸಿದರೆ ಎರಡು ತುದಿಗಳ ಯೋಕುಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿಗೆ ಬರದೆ ಹೊಸ ನಡುಕವೇ ಹುಟ್ಟುತ್ತದೆ. ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಮಾತ್ರ "ಟಕ ಟಕ" ಸದ್ದು ಬಂದರೆ ಮುಂದಿನ ಆಕ್ಸಲ್ಲಿನ ಹೊರತುದಿಯ ಜಾಯಿಂಟ್ ಸವೆದಿದೆ.

ಎಕ್ಸಿಲೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಬದಲಾಗುವ ಗುಂಯ್ ಎಂಬ ಸದ್ದು ಸಾಮಾನ್ಯವಾಗಿ ಆಕ್ಸಲ್ಲಿನ ಹೌಸಿಂಗ್ ಒಳಗಿನ ಗೇರುಗಳಾದ ಕ್ರೌನ್-ಪಿನಿಯನ್ನಿನಿಂದ ಬರುತ್ತದೆ. ಬೆಣ್ಣೆಹಳ್ಳದಂಥ ಹಳ್ಳಗಳನ್ನು ದಾಟಿದವರು ಸದ್ದಿಗಾಗಿ ಕಾಯದೆ ಆ ಹೌಸಿಂಗಿನ ಆಯಿಲ್ ನೋಡಬೇಕು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಅದರ ಗಾಳಿಕಿಂಡಿಯಾದ ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಅಂಚಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ತಡಮಾಡದೆ ಬದಲಿಸಿ, ಬ್ರೀದರನ್ನೂ ಶುಚಿ ಮಾಡಿ. ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಹಿಡಿದ ನುಣ್ಣನೆಯ ಬೂದು ಪುಡಿ ಸಹಜವಾದದ್ದು. ಉಗುರಿಗೆ ತಾಗುವ ಚೂರುಗಳಿದ್ದರೆ ಗಾಡಿಯನ್ನು ಓಡಿಸದೆ ಹೌಸಿಂಗ್ ಬಿಚ್ಚಿಸಬೇಕು.

ಫೋರ್ ವ್ಹೀಲ್ ಲಿವರ್ ಬಿದ್ದರೂ ಮುಂದಿನ ಗಾಲಿಗಳು ಎಳೆಯದಿದ್ದರೆ ಆಕ್ಸಲನ್ನು ಗಾಲಿಗೆ ಕೂಡಿಸುವ ಹಬ್‌ಗಳನ್ನು ಪರೀಕ್ಷಿಸಿ. ಮೆತ್ತನೆಯ ನೆಲದಲ್ಲಿ ಫೋರ್ ವ್ಹೀಲ್ ಹಾಕಿ ನಾಲ್ಕು ಅಡಿ ನೇರ ಸಾಗಿ, ಗಟ್ಟಿ ನೆಲಕ್ಕೆ ತಂದು ಎಂಜಿನ್ ಆರಿಸಿ, ಗೇರಿನಲ್ಲಿಯೇ ಬಿಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿ ನೋಡಿ. ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಗಾಡಿ ಜಾಕಿನಿಂದ ಜಿಗಿದು ಮೈಮೇಲೆ ಬರಬಹುದಾದ್ದರಿಂದ ಕೀಲಿಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಗಾಲಿ ಬಿಗಿಯಾಗಿ ನಿಂತರೆ ಹಬ್‌ಗಳು ಸರಿಯಿವೆ. ಸುತ್ತು ಸುತ್ತಾಗಿ ತಿರುಗಿದರೆ ಎರಡರಲ್ಲಿ ಒಂದಾದರೂ ಹಬ್ ಕೂಡಿಕೊಂಡಿಲ್ಲ, ಅಥವಾ ಎರಡೂ ಆಕ್ಸಲ್ಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಒಳಗೇ ಲಿವರ್ ಪೂರ್ತಿ ಬಿದ್ದಿಲ್ಲ. ಕೈಯಿಂದ ಲಾಕ್ ಮಾಡುವ ಹಬ್ಬಾದರೆ ಮೊದಲು ಎರಡೂ ಬದಿಯ ಗುಂಡಿ ಲಾಕ್ ಗುರುತಿಗೆ ಸರಿಯಾಗಿ ಬಂದಿದೆಯೇ ನೋಡಿ, ಬಂದಿದ್ದರೆ ಹಬ್ ಬಿಚ್ಚಿ, ಒಣಗಿ ಗಟ್ಟಿಯಾದ ಹಳೆಯ ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆದು, ಪೂರ್ತಿ ಒರೆಸಿದ ಮೇಲೆ ತೆಳುವಾಗಿ ಹೊಸ ಗ್ರೀಸ್ ಸವರಿ ಕೂಡಿಸಿ.