ಒಬ್ಬರೇ ಬೀದರ್‌ಗೆ: ಎರಡನೆಯವರ ಕೆಲಸ ಮಾಡುವವರು ಯಾರು?

ಬೆಂಗಳೂರಿನಿಂದ ಬೀದರ್‌ಗೆ ಬೈಕಿನಲ್ಲಿ ಹೊರಡುತ್ತೇನೆ ಎಂದಾಗ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, ‘ಜೊತೆಗೆ ಯಾರು?’ ಯಾರೂ ಇಲ್ಲ ಎಂದರೆ ಅಮ್ಮ ಎರಡು ದಿನ ಮಾತು ಬಿಡುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಜೊತೆಗಾರರು ನಮಗೆ ಅರಿವಿಲ್ಲದಂತೆಯೇ ಎಷ್ಟೋ ಕೆಲಸ ಮಾಡುತ್ತಿರುತ್ತಾರೆ. ಹಿಂದಿನ ದೀಪ ಉರಿಯುತ್ತಿಲ್ಲ ಎಂದು ಹೇಳುವವರು ಅವರು. ನಾವು ಶೌಚಾಲಯಕ್ಕೆ ಹೋದಾಗ ಚೀಲ ಕಾಯುವವರು ಅವರು. ‘ಕಣ್ಣು ಕೆಂಪಾಗಿದೆ, ಇವತ್ತಿಗೆ ಸಾಕು’ ಎಂದು ಗದರುವವರೂ ಅವರೇ. ಒಬ್ಬರೇ ಹೊರಡುವ ಸಿದ್ಧತೆಯೆಂದರೆ ಈ ಎರಡನೆಯವರ ಕೆಲಸಗಳನ್ನೆಲ್ಲ ಗುರುತಿಸಿ, ಒಂದೊಂದಕ್ಕೂ ಮೊದಲೇ ಏರ್ಪಾಡು ಮಾಡಿಕೊಳ್ಳುವುದು.

ದಾರಿಯನ್ನು ಹಗಲುಗಳಿಗೆ ಹಂಚಿ

ಬೀದರ್ ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಮೊದಲ ಸಲ ಹೊರಡುವವರಿಗೆ ಇದಕ್ಕಿಂತ ಸರಳವಾದ ದೂರದ ದಾರಿಯನ್ನು ನಾನು ಕಂಡಿಲ್ಲ. ತುಮಕೂರು, ಶಿರಾ, ಹಿರಿಯೂರು ಹಾದು ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿಂದ ಹೆದ್ದಾರಿ 50 ಹಿಡಿದರೆ ಹೊಸಪೇಟೆ, ಕುಷ್ಟಗಿ, ಇಳಕಲ್, ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್, ಕೊನೆಗೆ ಬೀದರ್. ಒಟ್ಟು 800 ಕಿ.ಮೀ. ಆಸುಪಾಸು. ಎರಡು ಸಂಖ್ಯೆ ನೆನಪಿದ್ದರೆ ಸಾಕು, ಮೊಬೈಲಿನ ನಕ್ಷೆಗೆ ಕಣ್ಣು ಕೀಲಿಸಿಕೊಂಡು ಓಡಿಸುವ ಪ್ರಮೇಯವಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ. ಎಡತುದಿಯ ಕಿರಿದಾದ ಸಾಲಿನಲ್ಲಿ ನುಸುಳಿ ಹೋಗಬಹುದು.

ಇದಕ್ಕೆ ಮೂರು ಹಗಲು ಬೇಕು. ಮೊದಲ ದಿನ ಹೊಸಪೇಟೆಗೆ ಸುಮಾರು 335 ಕಿ.ಮೀ., ಎರಡನೆಯ ದಿನ ವಿಜಯಪುರಕ್ಕೆ 200, ಮೂರನೆಯ ದಿನ ಬೀದರ್‌ಗೆ 275. ನಡುವಿನ ದಿನವನ್ನು ಬೇಕೆಂದೇ ಮೊಟಕು ಮಾಡಿದ್ದೇನೆ. ಮೊದಲ ದಿನದ ಉತ್ಸಾಹಕ್ಕೆ ಬೆನ್ನು, ಮಣಿಕಟ್ಟು ಮತ್ತು ಕುಳಿತುಕೊಳ್ಳುವ ಭಾಗ ಲೆಕ್ಕ ಕೇಳುವುದು ಎರಡನೆಯ ದಿನ. ಅಂದು ಹುನಗುಂದದ ಬಳಿ ಹೆದ್ದಾರಿ ಬಿಟ್ಟು ಕೂಡಲಸಂಗಮಕ್ಕೆ ಹೋಗಿ, ನದಿಯ ದಡದಲ್ಲಿ ಒಂದು ಗಂಟೆ ಕುಳಿತು ಬಂದರೂ ಹೊತ್ತು ಮುಳುಗುವ ಮೊದಲೇ ಗೋಳಗುಮ್ಮಟ ಕಾಣುತ್ತದೆ.

ಮೀಟರಿನ ಮುಳ್ಳು 80 ತೋರಿಸಿದರೂ ಊಟ, ಪೆಟ್ರೋಲ್, ವಿಶ್ರಾಂತಿ ಎಲ್ಲ ಸೇರಿಸಿ ಊರಿಂದ ಊರಿಗೆ ಗಂಟೆಗೆ 50 ಕಿ.ಮೀ. ಎಂದು ಲೆಕ್ಕ ಹಾಕಿ. ಬೆಳಿಗ್ಗೆ 6ಕ್ಕೆ ಹೊರಟವರು ಮಧ್ಯಾಹ್ನ 1ರ ಹೊತ್ತಿಗೆ ಹೊಸಪೇಟೆಯಲ್ಲಿರಬಹುದು, ತಡವಾದರೂ 3ಕ್ಕೆ. ಸಂಜೆ 5ರ ನಂತರ ಓಡಿಸುವ ಲೆಕ್ಕವನ್ನೇ ಇಟ್ಟುಕೊಳ್ಳಬೇಡಿ. ಕಾಲ ನವೆಂಬರಿನಿಂದ ಫೆಬ್ರುವರಿಯವರೆಗೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲಿಗೆ ಸೀಟೇ ಹಂಚಾಗುತ್ತದೆ.

ಶಿರಾದವರೆಗೆ ಒಂದು ಪರೀಕ್ಷೆ

ಹೊರಡುವುದಕ್ಕೆ ಹತ್ತು ದಿನ ಮೊದಲು ಸರ್ವಿಸ್ ಮಾಡಿಸಿ. ಹಿಂದಿನ ದಿನ ಮಾಡಿಸುವುದು ದೊಡ್ಡ ತಪ್ಪು. ಒಮ್ಮೆ ನಾನು ಹಾಗೆ ಮಾಡಿ ಹೊರಟಾಗ ತುಮಕೂರಿನ ಹೊತ್ತಿಗೆ ಹಿಂದಿನಿಂದ ಕರಕರ ಸದ್ದು ಬರತೊಡಗಿತ್ತು. ಗ್ಯಾರೇಜಿನ ಹುಡುಗ ಚೈನನ್ನು ವೀಣೆಯ ತಂತಿಯಂತೆ ಬಿಗಿದಿದ್ದ. ಸವಾರರು ಕುಳಿತು, ಚೀಲದ ಭಾರವೂ ಬಿದ್ದಾಗ ಚೈನ್ ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ಹೆಚ್ಚಿನ ಬೈಕುಗಳಲ್ಲಿ ಕೆಳಗಿನ ಚೈನ್ ಬೆರಳಿಗೆ 25–30 ಮಿ.ಮೀ. ಮೇಲೆ ಕೆಳಗೆ ಆಡಬೇಕು. ನಿಮ್ಮ ಗಾಡಿಯ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ.

ಸರ್ವಿಸ್ ಆದ ಭಾನುವಾರವೇ ಪ್ರಯಾಣದ ಚೀಲವನ್ನೆಲ್ಲ ಕಟ್ಟಿಕೊಂಡು, ಅದೇ ಜಾಕೆಟ್, ಅದೇ ಬೂಟು ಹಾಕಿಕೊಂಡು ಶಿರಾದವರೆಗೆ ಹೋಗಿ ಬನ್ನಿ. ಹೋಗಿ ಬರಲು ಸುಮಾರು 240 ಕಿ.ಮೀ. ಸಡಿಲ ನಟ್ಟು, ಕಿವಿ ಒತ್ತುವ ಹೆಲ್ಮೆಟ್, ಜಾರುವ ಚೀಲ ಎಲ್ಲ ಅಂದೇ ಗೊತ್ತಾಗುತ್ತವೆ. ಸಂಜೆ ಮನೆಗೆ ಬಂದಾಗ ‘ನಾಳೆ ಬೆಳಿಗ್ಗೆ ಇಷ್ಟೇ ದೂರ ಮತ್ತೆ ಹೋಗಬಲ್ಲೆನೇ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎನಿಸಿದರೆ ಯಾತ್ರೆಯನ್ನು ಒಂದು ತಿಂಗಳು ಮುಂದೂಡಿ, ಇನ್ನೆರಡು ಭಾನುವಾರ ಹೀಗೆಯೇ ಓಡಿಸಿ.

ಗಾಡಿ ಯಾವುದು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. 150 ಸಿಸಿ ಗಾಡಿಯೂ ಈ ದಾರಿಗೆ ಸಾಲುತ್ತದೆ. ಚಕ್ರದಲ್ಲಿ ಟ್ಯೂಬ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ತಿಳಿದಿರಿ, ಅದು ಮುಂದೆ ಬೇಕಾಗುತ್ತದೆ.

ಗಂಟುಮೂಟೆ

ಹತ್ತು ಕಿಲೋ ಮೀರಬಾರದು. ಭಾರದ ವಸ್ತುಗಳು ಕೆಳಗೆ, ನಿಮ್ಮ ಬೆನ್ನಿಗೆ ಹತ್ತಿರವಾಗಿ ಇರಲಿ. ಹಿಂದಿನ ಕ್ಯಾರಿಯರ್ ತುದಿಗೆ ಭಾರ ಹೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತುಯ್ದಾಡುತ್ತದೆ. ಬೆನ್ನಿಗೆ ಚೀಲ ಹಾಕಿಕೊಳ್ಳಲೇಬೇಡಿ, ಚಿತ್ರದುರ್ಗ ತಲುಪುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಕಟ್ಟಿದ ಹಗ್ಗದ ತುದಿ, ದುಪಟ್ಟಾ, ಚೀಲದ ಪಟ್ಟಿ ಯಾವುದೂ ಜೋಲಾಡಬಾರದು. ಚಕ್ರಕ್ಕೆ ಸಿಕ್ಕಿದರೆ ಮುಗಿಯಿತು.

ಬಟ್ಟೆ ಎರಡು ಜೊತೆ ಸಾಕು, ರಾತ್ರಿ ಒಗೆದರೆ ಬಯಲುಸೀಮೆಯ ಗಾಳಿಗೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಉಳಿದ ಜಾಗ ಸಾಮಾನಿಗೆ: ಪಂಕ್ಚರ್ ಕಿಟ್, ಗಾಳಿ ಪಂಪು, ಇಕ್ಕಳ, ನಿಮ್ಮ ಗಾಡಿಯ ನಟ್ಟುಗಳಿಗೆ ಹೊಂದುವ ಸ್ಪ್ಯಾನರ್‌ಗಳು, ಒಂದು ಕ್ಲಚ್ ಕೇಬಲ್, ಫ್ಯೂಸ್, ಟಾರ್ಚು, ಚೈನಿಗೆ ಹಾಕುವ ಎಣ್ಣೆ. ಹಳೆಯ ಟೂತ್‌ಬ್ರಷ್ ಒಂದಿದ್ದರೆ ಚೈನಿನ ಕೊಳೆ ತೆಗೆಯಲು ಒದಗುತ್ತದೆ. ಪ್ರತಿ 500 ಕಿ.ಮೀ.ಗೆ ಒಮ್ಮೆ, ಸಂಜೆ ಚೈನ್ ಇನ್ನೂ ಬೆಚ್ಚಗಿರುವಾಗ, ಎಂಜಿನ್ ಆರಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಎಣ್ಣೆ ಹಾಕಿ. ಎಂಜಿನ್ ಚಾಲೂ ಇಟ್ಟು ಬಟ್ಟೆಯಲ್ಲಿ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.

ಹೆಲ್ಮೆಟ್ ತಲೆಯನ್ನೂ ಗದ್ದವನ್ನೂ ಮುಚ್ಚುವಂತಿರಲಿ, ಐಎಸ್‌ಐ ಗುರುತು ಇರಲಿ. ಕಾಗದಪತ್ರಗಳು ಡಿಜಿಲಾಕರ್‌ನಲ್ಲಿದ್ದರೂ ಆಗುತ್ತದೆ. ಆದರೆ ಒಂದು ಚೀಟಿ ಮಾತ್ರ ಕಾಗದದ್ದೇ ಆಗಿರಬೇಕು: ನಿಮ್ಮ ಹೆಸರು, ರಕ್ತದ ಗುಂಪು, ಔಷಧಿಯ ಅಲರ್ಜಿ ಇದ್ದರೆ ಅದು, ಮನೆಯ ಇಬ್ಬರ ಮೊಬೈಲ್ ಸಂಖ್ಯೆ. ಜಾಕೆಟ್ಟಿನ ಎಡಗಡೆಯ ಜೇಬಿನಲ್ಲಿಡಿ. ನೀವು ಮಾತಾಡಲಾಗದ ಸ್ಥಿತಿಯಲ್ಲಿದ್ದು ಮೊಬೈಲಿಗೆ ಬೀಗ ಬಿದ್ದಿರುವಾಗ ನಿಮ್ಮ ಪರವಾಗಿ ಮಾತಾಡಬೇಕಾದ್ದು ಆ ಚೀಟಿಯೇ.

ನಿಂತಲ್ಲೆಲ್ಲ ಒಂದು ಪ್ರದಕ್ಷಿಣೆ

ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳಿರುವುದು ಇಲ್ಲಿ. ಗಾಡಿ ನಿಲ್ಲಿಸಿದಾಗಲೆಲ್ಲ, ಮತ್ತೆ ಹತ್ತುವ ಮೊದಲು, ಅದಕ್ಕೊಂದು ಸುತ್ತು ಬನ್ನಿ. ಮುಂದಿನ ಟೈರು, ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ, ಚೈನು, ಹಿಂದಿನ ಟೈರು, ಚೀಲದ ಹಗ್ಗ, ಚೀಲ ಜಾರಿ ಹಿಂದಿನ ದೀಪವನ್ನು ಮುಚ್ಚಿದೆಯೇ, ನಂಬರ್ ಪ್ಲೇಟ್, ಕೊನೆಗೆ ಸೈಡ್ ಸ್ಟ್ಯಾಂಡ್. ಅರ್ಧ ನಿಮಿಷದ ಕೆಲಸ. ಜೊತೆಯವರು ಹಿಂದಿನಿಂದ ಬರುತ್ತ ನೋಡಿ ಹೇಳುತ್ತಿದ್ದುದೆಲ್ಲ ಇದರಲ್ಲಿ ಬಂತು. ಕುಷ್ಟಗಿಯ ಆಚೆ ಒಮ್ಮೆ ಹೀಗೆ ಸುತ್ತು ಬಂದಾಗಲೇ ಹಿಂದಿನ ಟೈರಿನಲ್ಲಿ ಹೊಳೆಯುತ್ತಿದ್ದ ಮೊಳೆ ಕಂಡದ್ದು. ಗಾಳಿ ಇನ್ನೂ ಇಳಿದಿರಲಿಲ್ಲ.

ದಣಿವನ್ನು ಗುರುತಿಸುವುದು ಇದಕ್ಕಿಂತ ಕಷ್ಟ, ಏಕೆಂದರೆ ದಣಿದ ತಲೆಯೇ ‘ಇನ್ನೂ ಇಪ್ಪತ್ತು ಕಿ.ಮೀ. ಹೋಗೋಣ’ ಎನ್ನುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯ ಹೆಲ್ಮೆಟ್ಟಿನೊಳಗೆ ಬಾಯಿಬಿಟ್ಟು ಮಾತಾಡುವುದು. ‘ಮುಂದೆ ಟ್ರ್ಯಾಕ್ಟರ್, ಎಡಕ್ಕೆ ಶಾಲೆ, ಉಬ್ಬು ಇರಬಹುದು, ಕನ್ನಡಿಯಲ್ಲಿ ಬಸ್.’ ಕಂಡದ್ದನ್ನೆಲ್ಲ ಹೀಗೆ ಹೇಳುತ್ತ ಹೋಗಿ. ನೋಡುವವರು ಹುಚ್ಚು ಎಂದಾರು, ಎನ್ನಲಿ. ಮಾತು ತಾನಾಗಿ ನಿಂತುಹೋಗಿದೆ ಎಂದು ಅರಿವಾದ ಕೂಡಲೇ ಮುಂದಿನ ಬಂಕ್‌ನಲ್ಲಿ ಗಾಡಿ ನಿಲ್ಲಬೇಕು. ಹಿಂದೆ ಬಿಟ್ಟ ಊರಿನ ಹೆಸರು ನೆನಪಾಗದಿದ್ದರೂ ಅಷ್ಟೇ. ಚಹಾ ಕುಡಿದು ಓಡಿಸಿಬಿಡುತ್ತೇನೆ ಎಂಬುದು ಭ್ರಮೆ. ಅರಳಿಕಟ್ಟೆಯ ಮೇಲೋ ಡಾಬಾದ ಹೊರಸಿನ ಮೇಲೋ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎದುರಿಗಿದ್ದಾಗ ಕಡಿಮೆ ತಿನ್ನಿ ಎಂದು ಹೇಳುವುದು ಪಾಪ. ಆದರೂ ಮಧ್ಯಾಹ್ನ ಅರ್ಧ ಹೊಟ್ಟೆ ತಿಂದು, ರಾತ್ರಿ ಊರು ಸೇರಿದ ಮೇಲೆ ಕುಳಿತು ತೀರಿಸಿಕೊಳ್ಳಿ.

ಒಂದೂವರೆ ಗಂಟೆಗೊಮ್ಮೆ ನಿಲ್ಲಬೇಕು, ನಿಲ್ಲುವ ಜಾಗ ಪೆಟ್ರೋಲ್ ಬಂಕ್ ಆಗಿದ್ದರೆ ಒಳ್ಳೆಯದು. ಗಾಳಿ, ಕುಡಿಯುವ ನೀರು, ಶೌಚಾಲಯ ಅಲ್ಲಿ ಉಚಿತವಾಗಿ ಸಿಗಬೇಕೆಂಬ ನಿಯಮವಿದೆ. ಹೆಂಗಸರ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂಬುದು ಮಾತ್ರ ಬಂಕ್‌ನಿಂದ ಬಂಕ್‌ಗೆ ಬಿಡಿಸಬೇಕಾದ ಒಗಟು. ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ಪೆಟ್ರೋಲ್ ತುಂಬಿಸಿ. ಕೀಲಿ ಜೇಬಿಗೆ, ಹಣ ಮತ್ತು ಮೊಬೈಲ್ ಮೈಮೇಲೆ. ಉಳಿದ ಚೀಲವನ್ನು ಒಂದು ನಿಮಿಷ ನೋಡಿಕೊಳ್ಳಿ ಎಂದು ಬಂಕ್‌ನವರಿಗೆ ಬಾಯಿಬಿಟ್ಟು ಹೇಳಿ, ಹೇಳಿಸಿಕೊಂಡವರು ನೋಡಿಕೊಳ್ಳುತ್ತಾರೆ.

ಈ ದಾರಿಗೇ ಸೇರಿದ ಕೆಲವು ಅಪಾಯಗಳಿವೆ. ಕಬ್ಬಿನ ಹಂಗಾಮಿನಲ್ಲಿ ಕೃಷ್ಣೆಯ ಆಚೀಚೆ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ತೆವಳುತ್ತಿರುತ್ತವೆ. ಸಂಜೆ 5ರ ಗಡಿ ಹಾಕಿದ್ದಕ್ಕೆ ಮುಖ್ಯ ಕಾರಣ ಅವೇ. ವಿಜಯಪುರದಿಂದ ಮುಂದೆ ಡಿವೈಡರ್ ಇಲ್ಲದ ಭಾಗಗಳು ಹೆಚ್ಚು. ಓವರ್‌ಟೇಕ್ ಮಾಡುತ್ತ ಎದುರಿಗೆ ಬರುವ ಬಸ್ಸು ನಿಮ್ಮನ್ನು ವಾಹನ ಎಂದೇ ಎಣಿಸುವುದಿಲ್ಲ, ಎಡಕ್ಕೆ ಇಳಿಯಲು ಸದಾ ಸಿದ್ಧರಿರಿ. ಸುಗ್ಗಿಯಲ್ಲಿ ತೊಗರಿ, ಜೋಳದ ರಾಶಿಯನ್ನು ರಸ್ತೆಯಂಚಿಗೆ ಹರಡಿರುತ್ತಾರೆ, ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದಂತೆಯೇ. ಎರೆ ಮಣ್ಣಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕುವಾಗ ಅಡಿಗೆ ಒಂದು ಚಪ್ಪಟೆ ಕಲ್ಲು ಇಡಿ, ಇಲ್ಲವಾದರೆ ಚಹಾ ಮುಗಿಯುವಷ್ಟರಲ್ಲಿ ಗಾಡಿ ಮಲಗಿರುತ್ತದೆ.

ಗಾಡಿ ಮಲಗಿದರೆ, ಮುನಿದರೆ

ಮಲಗಿದ ಗಾಡಿಯನ್ನು ಒಬ್ಬರೇ ಎತ್ತಬಹುದು. ಎಂಜಿನ್ ಆರಿಸಿ, ಗೇರ್ ಹಾಕಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ, ಎತ್ತಿದ ರಭಸಕ್ಕೆ ಆ ಕಡೆ ಉರುಳದಂತೆ ಅದು ತಡೆಯುತ್ತದೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ಒತ್ತುತ್ತ ಮೇಲೇಳಿ. ಬಲ ಕಾಲಿನದಾಗಿರಲಿ, ಸೊಂಟದ್ದಲ್ಲ. ಮನೆಯ ಅಂಗಳದಲ್ಲಿ ಹಳೆಯ ಹಾಸಿಗೆಯ ಮೇಲೆ ಗಾಡಿ ಮಲಗಿಸಿ ಒಮ್ಮೆ ಅಭ್ಯಾಸ ಮಾಡಿ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ದು ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಕೀಳಬೇಡಿ, ಪಂಪು ಹೊಡೆದು ಹತ್ತಿರದ ಊರಿನ ಪಂಕ್ಚರ್ ಅಂಗಡಿಗೆ ಮೆಲ್ಲಗೆ ಹೋಗಿ. ರಸ್ತೆ ಬದಿಗೆ ನೇತುಹಾಕಿದ ಹಳೆಯ ಟೈರೇ ಅದರ ನಾಮಫಲಕ. ಕೀಳಲೇಬೇಕಾದರೆ ಮೊದಲು ರಬ್ಬರ್ ಎಳೆಯನ್ನು ಸೂಜಿಗೆ ಪೋಣಿಸಿ, ಅಂಟು ಸವರಿ ಸಿದ್ಧವಾಗಿಡಿ. ಆಮೇಲೆ ಮೊಳೆ ಕಿತ್ತು, ಅರದಂಥ ಉಪಕರಣದಿಂದ ತೂತನ್ನು ಉಜ್ಜಿ, ಎಳೆಯನ್ನು ಒಳಗೆ ನೂಕಿ ಸೂಜಿಯನ್ನು ಥಟ್ಟನೆ ಎಳೆದುಕೊಳ್ಳಿ. ಹೊರಗುಳಿದ ತುದಿ ಕತ್ತರಿಸಿ, ಗಾಳಿ ತುಂಬಿ, ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಟ್ಯೂಬ್ ಇರುವ ಚಕ್ರವಾದರೆ ನಿಮ್ಮ ಅಳತೆಯ ಟ್ಯೂಬನ್ನು ಒಯ್ದಿರಬೇಕು. ಹಾಕಲು ನಿಮಗೆ ಬಾರದಿದ್ದರೂ ಅಂಗಡಿಯವರಿಗೆ ಬರುತ್ತದೆ, ಅಳತೆಯ ಟ್ಯೂಬ್ ಮಾತ್ರ ಅವರ ಬಳಿ ಇಲ್ಲದಿರಬಹುದು.

ಪೆಟ್ಟಾದರೆ 112 ಅಥವಾ 108. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಎಲ್ಲಿದ್ದೀರಿ ಎಂದು ಹೇಳಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿ ಓದಿ ಹೇಳಿ.

ಮನೆಯವರು, ಲಾಡ್ಜಿನವರು

ವಾಟ್ಸ್‌ಆ್ಯಪ್‌ನಲ್ಲಿ ನೀವಿರುವ ಜಾಗವನ್ನು ಒಮ್ಮೆಗೆ 8 ಗಂಟೆಯವರೆಗೆ ಮನೆಯವರಿಗೆ ಕಾಣಿಸುವಂತೆ ಮಾಡಬಹುದು. ಅದನ್ನಷ್ಟೇ ನೆಚ್ಚಬೇಡಿ, ಸಿಗ್ನಲ್ ಇಲ್ಲದ ಕಡೆ ಚುಕ್ಕಿ ನಿಂತರೆ ಮನೆಯಲ್ಲಿ ಎದೆಬಡಿತ ನಿಲ್ಲುತ್ತದೆ. ನನ್ನ ತಂಗಿಯ ಜೊತೆ ನನ್ನ ಒಪ್ಪಂದ ಹೀಗಿದೆ: ಮಧ್ಯಾಹ್ನ ಒಂದು ಸಂದೇಶ, ಸಂಜೆ 6ಕ್ಕೆ ಕರೆ. 7ರವರೆಗೂ ಬರದಿದ್ದರೆ ಅವಳು ಲಾಡ್ಜಿಗೆ ಫೋನ್ ಮಾಡುತ್ತಾಳೆ, 8ಕ್ಕೆ 112ಕ್ಕೆ. ನಡುವೆ ‘ಎಲ್ಲಿದ್ದೀಯ?’ ಎಂದು ಹತ್ತು ಸಲ ಕೇಳುವಂತಿಲ್ಲ.

ಒಂಟಿಯಾಗಿ ಬಂದವರಿಗೆ, ಅದರಲ್ಲೂ ಹೆಂಗಸರಿಗೆ, ಕೋಣೆ ಕೊಡಲು ಕೆಲವು ಲಾಡ್ಜಿನವರು ಹಿಂದೆಮುಂದೆ ನೋಡುತ್ತಾರೆ. ಸಂಜೆ ಬಾಗಿಲಲ್ಲಿ ನಿಂತು ವಾದಿಸುವ ಬದಲು ಮೊದಲೇ ಫೋನ್ ಮಾಡಿ, ಒಬ್ಬಳೇ ಬರುತ್ತೇನೆ, ಬೈಕ್ ಗೇಟಿನ ಒಳಗೆ ನಿಲ್ಲಬೇಕು ಎಂದು ಹೇಳಿ ಕಾದಿರಿಸಿ. ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ವಿಜಯಪುರದಲ್ಲೂ ಬೀದರ್‌ನಲ್ಲೂ ಇವೆ. ದಾರಿಯಲ್ಲಿ ‘ಒಬ್ಬರೇ ಬಂದಿರಾ?’ ಎಂದು ಕೇಳುವವರು ಬಹುಪಾಲು ಚಹಾ ತರಿಸಿಕೊಡುವ ಜನ. ಆದರೂ ‘ಮುಂದಿನ ಊರಿನಲ್ಲಿ ನಮ್ಮವರು ಕಾಯುತ್ತಿದ್ದಾರೆ’ ಎಂಬ ಸುಳ್ಳನ್ನು ನಾನು ಸಲೀಸಾಗಿ ಹೇಳುತ್ತೇನೆ. ರಾತ್ರಿ ಎಲ್ಲಿ ಉಳಿಯುತ್ತೇನೆಂದು ಯಾರಿಗೂ ಹೇಳುವುದಿಲ್ಲ.

ಬೀದರ್‌ನಲ್ಲಿ ಒಂದು ಇಡೀ ದಿನ ಗಾಡಿಗೂ ರಜೆ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ ಎರಡನ್ನೂ ಆಟೋದಲ್ಲಿ ನೋಡಿ ಬನ್ನಿ. ಅಂದು ಸಂಜೆ ಚೈನಿಗೆ ಎಣ್ಣೆ, ಟೈರಿಗೆ ಗಾಳಿ. ಮನೆಯ ಸೆಳೆತಕ್ಕೆ ಒಂದೇ ದಿನದಲ್ಲಿ ವಾಪಸು ಓಡಿಸಲು ಹೋಗಬೇಡಿ, ಮೂರು ದಿನದಲ್ಲಿ ಬಂದ ದಾರಿಗೆ ಮೂರು ದಿನವೇ ಬೇಕು. ಇನ್ನೊಂದು ವಿಷಯ ನಾನು ಮೊದಲ ಸಲ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚಳಿಗಾಲದ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಬಡಗಣಕ್ಕೆ ಹೋಗುವಾಗ ಹೆಚ್ಚು ಹೊತ್ತು ಬೆನ್ನ ಹಿಂದಿದ್ದವನು ಮರಳುವಾಗ ಹೆಚ್ಚು ಹೊತ್ತು ಕಣ್ಣೆದುರು ಇರುತ್ತಾನೆ. ಹೊರಡುವ ಮುಂಜಾನೆ ಹೆಲ್ಮೆಟ್ಟಿನ ಗಾಜಿನ ಮೇಲಂಚಿಗೆ ಎರಡು ಬೆರಳಗಲದ ಕಪ್ಪು ಟೇಪ್ ಅಂಟಿಸಿಕೊಳ್ಳಿ. ತಲೆಯನ್ನು ತುಸು ಬಗ್ಗಿಸಿದರೆ ಬಿಸಿಲು ಮರೆಯಾಗಿ ರಸ್ತೆ ಕಾಣುತ್ತದೆ.