ಪಂಚಾಂಗ ಹಿಡಿದು ಸ್ವೀಡಿಶ್ ವಾರಗಳನ್ನು ಕಲಿಯುವುದು

ಸ್ವೀಡನ್ನಿಗೆ ಹೊಸದಾಗಿ ಬಂದ ನಮ್ಮವರು ವಾರದ ಹೆಸರುಗಳನ್ನು ಉರು ಹೊಡೆಯಲು ಕೂರುತ್ತಾರೆ. ಅದರ ಅಗತ್ಯವೇ ಇಲ್ಲ, ಅರ್ಧ ಪಾಠ ನಿಮಗೆ ಆಗಲೇ ಗೊತ್ತಿದೆ. ಉಪ್ಸಾಲಾದ ನನ್ನ ಮನೆಗೆ ಭಾಷೆ ಕಲಿಯಲು ಬರುವವರಿಗೆ ನಾನು ಮೊದಲು ಹೇಳಿಕೊಡುವುದು ಹೋರೆ (ಗ್ರಹಗಳು ಸರದಿಯಲ್ಲಿ ಆಳುವ ಗಂಟೆ) ಎಣಿಸುವುದನ್ನು.

ಬೆರಳು ಮಡಿಸುತ್ತಾ ಹೇಳಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಆಕಾಶದಲ್ಲಿ ನಿಧಾನವಾಗಿ ಸಾಗುವ ಗ್ರಹದಿಂದ ಬೇಗ ಸಾಗುವ ಗ್ರಹದವರೆಗಿನ ಸಾಲು ಇದು. ಗಂಟೆಗೊಬ್ಬ ಅಧಿಪತಿ, ಸಾಲು ಮುಗಿದರೆ ಮತ್ತೆ ಶನಿಯಿಂದ; ಮೊದಲ ಗಂಟೆಯ ಅಧಿಪತಿಯ ಹೆಸರೇ ಆ ದಿನಕ್ಕೆ. ರವಿಯಿಂದ ಎಣಿಸಿದರೆ 25ನೆಯ ಗಂಟೆ, ಅಂದರೆ ಮರುದಿನದ ಮೊದಲನೆಯದು, ಚಂದ್ರನಿಗೆ ಬೀಳುತ್ತದೆ. ಸೋಮವಾರ ಬಂತು. ಹಾಗೇ ಮುಂದುವರಿಸಿ, ಮಂಗಳವಾರ ಬರುತ್ತದೆ. ಗ್ರೀಕ್–ರೋಮನ್ ಜಗತ್ತಿನ ಈ ಲೆಕ್ಕ ನಮ್ಮ ಕಡೆಗೂ ಬಂತು, ಉತ್ತರ ಯುರೋಪಿಗೂ ಹೋಯಿತು. ಮಧ್ಯಪ್ರದೇಶದ ಏರಣದಲ್ಲಿರುವ ಕಂಬದ ಮೇಲೆ ಕ್ರಿ.ಶ. 484ರ ಗುಪ್ತರ ಕಾಲದ ಶಾಸನವಿದೆ. ಅದರಲ್ಲಿ ನಮೂದಾಗಿರುವ ವಾರ ಸುರಗುರುವಿನದು, ಅಂದರೆ ಗುರುವಾರ. ಅದನ್ನು ಓದಿದಾಗಿನಿಂದ ಇಲ್ಲಿನ ಗುರುವಾರಗಳ ಮೇಲೆ ನನಗೆ ವಿಶೇಷ ಪ್ರೀತಿ.

ಈಗ ಗ್ರಹದ ಪಕ್ಕದಲ್ಲಿ ದೇವರನ್ನು ಬರೆದುಕೊಳ್ಳಿ. ರೋಮನ್ನರ ದೇವರಿದ್ದ ಜಾಗದಲ್ಲಿ ಉತ್ತರದ ಜನ ತಮ್ಮ ದೇವರನ್ನು ಕೂರಿಸಿದರು. ಮಂಗಳನಿಗೆ ತ್ಯೂರ್, ಫೆನ್ರಿರ್ ತೋಳದ ಬಾಯಿಗೆ ಕೈಯಿಟ್ಟು ಕೈ ಕಳೆದುಕೊಂಡ ಧೀರ: ತೀಸ್‌ದಾಗ್. ಬುಧನಿಗೆ ಓಡಿನ್: ಊನ್ಸ್‌ದಾಗ್. ಗುರುವಿಗೆ ತೋರ್, ಶುಕ್ರನಿಗೆ ಓಡಿನ್ನನ ಹೆಂಡತಿ ಫ್ರಿಗ್. ಸೂರ್ಯ, ಚಂದ್ರರು ಇದ್ದಲ್ಲೇ ಉಳಿದರು. ಶನಿವಾರಕ್ಕೆ ಮಾತ್ರ ದೇವರಿಲ್ಲ. ಅದು ಸ್ನಾನದ ದಿನ. ಇಂಗ್ಲಿಷ್ ಹೆಸರುಗಳನ್ನು ವೈಕಿಂಗರು ಕೊಟ್ಟರು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅವು ಆಂಗ್ಲೋ–ಸ್ಯಾಕ್ಸನ್ನರದೇ ವೋಡನ್, ಥೂನೋರ್‌ಗಳ ಹೆಸರು. ಓಡಿನ್, ತೋರ್‌ಗಳ ದಾಯಾದಿಗಳು.

ತೋರ್ ನಮ್ಮ ಇಂದ್ರನೇ ಅಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಗುಡುಗು ಇಬ್ಬರದೂ ಹೌದು. ಆದರೆ ವಾರ ಕಲಿಯುವಾಗ ಆ ದಾರಿ ಹಿಡಿಯಬೇಡಿ. ರೋಮನ್ನರಲ್ಲಿ ಗುರುಗ್ರಹದ ದೇವರಾದ ಜುಪಿಟರ್ ಸಿಡಿಲಿನ ಒಡೆಯ, ಅದಕ್ಕೇ ಅವನ ದಿನ ತೋರ್‌ಗೆ ಸಿಕ್ಕಿತು. ನಮ್ಮಲ್ಲಿ ಅದೇ ಗ್ರಹಕ್ಕೆ ಅಧಿಪತಿ ಬೃಹಸ್ಪತಿ. ದೇವರ ಸ್ವಭಾವ ನೋಡಿದರೆ ಲೆಕ್ಕ ತಪ್ಪುತ್ತದೆ, ಗ್ರಹ ಹಿಡಿದರೆ ತಪ್ಪುವುದಿಲ್ಲ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ಗುರುವಾರ ‘ತೂಷ್ಡಾಗ್’: ನಮ್ಮ ಷಕಾರ, ಡಕಾರಗಳನ್ನೇ ನಾಲಿಗೆ ಮಡಿಸಿ ಗಟ್ಟಿಯಾಗಿ ಹೇಳಿ. ಮಾತಿನಲ್ಲಿ ಕೊನೆಯ ಗಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ಆಮೇಲೆ ಹೆಸರುಗಳನ್ನು ಬಳಕೆಗೆ ತನ್ನಿ. ಗುರುವಾರ ಮಧ್ಯಾಹ್ನ ಕ್ಯಾಂಟೀನುಗಳಲ್ಲಿ ಹಳದಿ ಬಟಾಣಿ ಸೂಪು, ಪ್ಯಾನ್‌ಕೇಕು ಸಿಗುತ್ತದೆ. ಸೂಪಿಗೆ ಹಂದಿಮಾಂಸ ಹಾಕುವ ರೂಢಿ, ಸಸ್ಯಾಹಾರಿಗಳು ಕೇಳಿಯೇ ಬಡಿಸಿಕೊಳ್ಳಿ. ಮಕ್ಕಳಿದ್ದರೆ ಶನಿವಾರದ ಹೆಸರನ್ನು ಅವರೇ ಮೊದಲು ಕಲಿಯುತ್ತಾರೆ, ಏಕೆಂದರೆ ಇಲ್ಲಿ ಮಿಠಾಯಿ ಕೊಡಿಸುವ ದಿನ ಅದು. ಬಿಡುವಾದಾಗ ಗಾಮ್ಲಾ ಉಪ್ಸಾಲಾಕ್ಕೆ (ಹಳೆಯ ಉಪ್ಸಾಲಾ) ಹೋಗಿ, ಮೂರು ದೊಡ್ಡ ಸಮಾಧಿ ದಿಬ್ಬಗಳ ಪಕ್ಕ ನಡೆಯಿರಿ. ಅಲ್ಲಿನ ಗುಡಿಯ ನಡುವೆ ತೋರ್, ಅಕ್ಕಪಕ್ಕದಲ್ಲಿ ಓಡಿನ್ ಮತ್ತು ಫ್ರಿಕ್ಕೊ (ಫ್ರಿಗ್ ಅಲ್ಲ, ಫ್ರೇ ಎಂಬ ದೇವರು) ಇದ್ದರೆಂದು ಜರ್ಮನ್ ಚರಿತ್ರೆಕಾರ ಬ್ರೆಮೆನ್ನಿನ ಆಡಮ್ 1070ರ ದಶಕದಲ್ಲಿ ಬರೆದಿದ್ದಾನೆ. ಆ ದೇವರುಗಳ ಹೆಸರು ಇಂದಿಗೂ ಹುಟ್ಟುತ್ತಲೇ ಇವೆ: ಸ್ವೀಡಿಶ್ ರಸಾಯನಶಾಸ್ತ್ರಜ್ಞ ಬರ್ಜೆಲಿಯಸ್ 1829ರಲ್ಲಿ ಹೊಸ ಧಾತುವಿಗೆ ಥೋರಿಯಂ ಎಂದ, ಇಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪರಿಚಯಿಸಿದ ಸೂಕ್ಷ್ಮಜೀವಿಗಳ ಗುಂಪಿಗೆ ಅದೇ ಪುರಾಣದ ಕುತಂತ್ರಿ ಲೋಕಿಯ ಹೆಸರಿದೆ.

ಐಸ್‌ಲ್ಯಾಂಡಿಗೆ ಹೋಗುವುದಾದರೆ ಈ ಕೋಷ್ಟಕ ಕೆಲಸಕ್ಕೆ ಬಾರದು. ದೇವರ ಹೆಸರುಗಳನ್ನು 12ನೆಯ ಶತಮಾನದಲ್ಲಿ ಹೋಲಾರ್‌ನ ಬಿಷಪ್ ಯೋನ್ ತೆಗೆಸಿದನೆಂಬ ಪ್ರತೀತಿ ಅಲ್ಲಿದೆ. ಭಾನುವಾರದಿಂದ ಎಣಿಸಿ: ಮಂಗಳವಾರ ‘ಮೂರನೆಯ ದಿನ’, ಬುಧವಾರ ‘ನಡುವಾರದ ದಿನ’, ಗುರುವಾರ ‘ಐದನೆಯ ದಿನ’, ಶುಕ್ರವಾರ ‘ಉಪವಾಸದ ದಿನ’.